ಮಣಿಕಟ್ಟಿನ ನೂಲು

ಎಡಗೈ ಕಿರುಬೆರಳಿಗೆ ಏನೋ ತಣ್ಣಗೆ ತಾಗಿದ ಹಾಗಾಯಿತಲ್ಲ, ಬೆವರಿರಬೇಕು, ಬೆವರೇ ಇರಬೇಕು, ಉಣ್ಣೆಯ ಮೇಲೆ ಉಣ್ಣೆ ತೊಟ್ಟು, ಅದರ ಮೇಲೆ ನೀರು ಹೊಗದ ಈ ಸೂಟು ಏರಿಸಿಕೊಂಡು ದೋಣಿಯಲ್ಲಿ ಅಷ್ಟು ಹೊತ್ತು ಕೂತರೆ ಯಾರಿಗೂ ಬೆವರುತ್ತದೆ, ಆಮೇಲೆ ಆ ಬೆವರೇ ತಣ್ಣಗಾಗಿ ಕಚ್ಚುತ್ತದೆ, ಐಲಿಫ್ ಹೇಳುತ್ತಲೇ ಇರುತ್ತಾನೆ, ಬೆವರೋ ಮುಂಚೆ ಇಳಿದುಬಿಡು ಮಾರಾಯ್ತಿ, ಇಡೀ ನಾರ್ವೇಲಿ ನಿನ್ನಷ್ಟು ಚಳಿ ಚಳಿ ಅನ್ನೋ ಹೆಂಗಸಿಲ್ಲ, ಅಂಥವಳು ಸಮುದ್ರದ ತಳದಲ್ಲಿ ಚಿಪ್ಪು ಆರಿಸೋಕೆ ಹೊರಟಿದೀಯ — ಗುನ್ವೋರ್ ಬೆರಳು ಆಡಿಸಿ ನೋಡಿದಳು, ದಪ್ಪ ನೀಲಿ ರಬ್ಬರಿನ ಕೈಗವಸಿನೊಳಗೆ ಬೆರಳು ಆಡಿತು, ಸರಿ, ಬೆವರೇ. ತಲೆಗೆ ಕಟ್ಟಿದ ದೀಪದ ಬೆಳಕು ಮರಳಿನ ಮೇಲೆ ಬಿದ್ದಿದೆ, ಬೆಳಕಿನಾಚೆ ಕಪ್ಪು ಹಸಿರು, ಮರಳಲ್ಲಿ ಹುದುಗಿದ ದೊಡ್ಡ ಚಿಪ್ಪುಗಳು ಅಂಚಷ್ಟೇ ತೋರಿಸಿಕೊಂಡು ಕೂತಿವೆ, ಕೈ ಹತ್ತಿರ ಬಂದೊಡನೆ ಪಟ್ಟನೆ ಬಾಯಿ ಮುಚ್ಚುತ್ತವೆ, ಎತ್ತು, ಬಲೆಚೀಲಕ್ಕೆ ಹಾಕು, ಇನ್ನೊಂದು, ಎದೆಗೆ ಕಟ್ಟಿದ ಹಗ್ಗ ಮೇಲಕ್ಕೆ ಹೋಗಿ ಎಲ್ಲೋ ಕತ್ತಲಲ್ಲಿ ಕರಗಿದೆ, ಅದರ ಆ ತುದಿ ಗಂಡನ ಕೈಯಲ್ಲಿದೆ, ಅಲ್ಲಿ ಈಗ ಜನವರಿಯ ಮಧ್ಯಾಹ್ನ, ಸೂರ್ಯನಿಲ್ಲದ ನೀಲಿ ಬೆಳಕು, ಅವನು ಕಂದು ಚೀಸಿಟ್ಟ ಬ್ರೆಡ್ ಕಚ್ಚುತ್ತಾ ಒಂದು ಕೈಯಲ್ಲಿ ಹಗ್ಗ ಹಿಡಿದು ಕೂತಿರುತ್ತಾನೆ, ಮೊದಲೆಲ್ಲ ಇಳಿಯುತ್ತಿದ್ದವನು ಅವನೇ, ಒಂದು ದಿನ ಗಾಬರಿಯಲ್ಲಿ ತಳದಿಂದ ಸರ್ರನೆ ಮೇಲೆ ಬಂದುಬಿಟ್ಟ, ರಕ್ತದಲ್ಲಿ ಗುಳ್ಳೆ ಎದ್ದು ಸೊಂಟದ ಮೂಳೆ ಸತ್ತುಹೋಯಿತು, ಈಗ ಕುಂಟುತ್ತಾನೆ, ಇಳಿಯುವವಳು ಇವಳು. ಬೆಚ್ಚಗಿಡೋದು ಗಾಳಿ ಕಣೇ, ಉಣ್ಣೆ ಅದನ್ನ ಹಿಡ್ಕೊಂಡು ಕೂರುತ್ತೆ ಅಷ್ಟೇ, ಅಂತ ಕಲಿಸಿಕೊಟ್ಟವನೂ ಅವನೇ, ನಿನ್ನೆ ಮೇಲೆ ಬಂದಾಗ ಅವಳು ಕಾಫಿ ಲೋಟ ಹಿಡಿಯಲಾರದೆ ಅತ್ತದ್ದನ್ನು ನೋಡಿ, ಅತ್ತದ್ದಲ್ಲ, ಕಣ್ಣಲ್ಲಿ ನೀರು ಬಂತು ಅಷ್ಟೇ, ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನ ಉಣ್ಣೆಯುಂಡೆಯಿಂದ ಬೂದು ನೂಲು ಕತ್ತರಿಸಿದ, ಹೊಸೆದ, ದೋಣಿಯಲ್ಲಿ ಅವಳ ಎಡ ಮಣಿಕಟ್ಟನ್ನು ಬಿಗಿಹಿಡಿಯುವ, ಸೂಟಿನ ತೋಳಿನ ತುದಿಯ ರಬ್ಬರ್ ಪಟ್ಟಿಯ ಅಡಿಗೆ ತೂರಿಸಿದ, ಬಲಕ್ಕೂ ಒಂದು, ಪಟ್ಟಿ ಬಿಗಿಯಾಗಿ ಕೂತರೆ ಸೂಟಿನ ಗಾಳಿ ಕೈಗೆ ಬರೋಲ್ಲ, ಈ ನೂಲಿನ ಸಂದೀಲಿ ಬರುತ್ತೆ ನೋಡು, ಬೆರಳು ಬ್ರೆಡ್ಡಿನ ಹಾಗೆ ಬೆಚ್ಚಗಿರುತ್ತೆ. ಅತ್ತೆ ಬೋರ್ಗ್ನಿ ಕೇಳಿದ್ದಳು, ಕೈಗವಸು ಹರಿದ್ರೆ ನೀರೂ ಅದೇ ದಾರೀಲಿ ಒಳಗೆ ಬರೋಲ್ವೇನೋ, ಹೊಸದಮ್ಮ, ಹರಿಯೋಲ್ಲ ಅಂದ ಅವನು, ಅತ್ತೆ ಹೆಣೆಯುತ್ತಾ ಕೂತಳು.

ಈಗ ಉಂಗುರದ ಬೆರಳೂ ತಣ್ಣಗಾಯಿತು. ಬೆವರು ಒಂದು ಬೆರಳಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಗುನ್ವೋರ್‌ಗೆ ಗೊತ್ತು, ಗೊತ್ತಿದ್ದರೂ ಬೆವರು ಬೆವರು ಅಂತ ಹೇಳಿಕೊಳ್ಳುತ್ತಾಳೆ, ಕೈಯನ್ನು ಹತ್ತಿರ ತಂದು ನೋಡೋಣವೆಂದು ಎಳೆದರೆ ಕೈ ಬರಲಿಲ್ಲ. ಯಾರೋ ಹಿಡಿದಿದ್ದಾರೆ. ಯಾರು ಹಿಡಿಯುತ್ತಾರೆ ಇಲ್ಲಿ, ತಲೆ ತಿರುಗಿಸಿದಳು, ಬೆಳಕು ತಿರುಗಿತು, ಕಿರುಬೆರಳಿನ ಬುಡದಲ್ಲಿ ಒಂದು ಗಾಳ, ತುಕ್ಕು ಹಿಡಿದು ಕೆಂಪಾದ ದೊಡ್ಡ ಗಾಳ, ಯಾರೋ ಎಂದೋ ಕಳೆದುಕೊಂಡ ಗಾಳದ ಹುರಿ, ಕಲ್ಲಿನ ಅಡಿಯಿಂದ ಬಂದು ಪಾಚಿಯ ನಡುವೆ ಸುಮ್ಮನೆ ಬಿದ್ದುಕೊಂಡಿತ್ತು, ಮೀನು ಸಿಗದಿದ್ದರೇನು ಇವಳು ಸಿಕ್ಕಳು. ಎಳೆಯಬಾರದಿತ್ತು, ಎಳೆದೇಬಿಟ್ಟಳು, ರಬ್ಬರು ಬೆರಳುದ್ದ ಸೀಳಿತು, ನೀರು — ಅಯ್ಯೋ ದೇವರೇ, ಚಳಿ ಅನ್ನುವುದು ಇದಕ್ಕಲ್ಲ, ಇದಕ್ಕೆ ಬೇರೆ ಹೆಸರಿರಬೇಕು, ಅಂಗೈ ತುಂಬ ಸೂಜಿ, ಬೆರಳ ಸಂದಿಗೆಲ್ಲ ಸೂಜಿ, ಕೂಗಿದಳು, ಬಾಯಲ್ಲಿ ಕಚ್ಚಿಕೊಂಡ ಉಸಿರುಕೊಳವೆಯೊಳಗೆ ಕೂಗು ಬರೀ ಗುಳ್ಳೆಯಾಗಿ ಹೋಯಿತು. ಕೈ ತಾನೇ, ಹೋದರೆ ಹೋಗಲಿ, ಕೈ ಒದ್ದೆಯಾದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ, ಅಂದುಕೊಳ್ಳುವಷ್ಟರಲ್ಲಿ ಮಣಿಕಟ್ಟಿನ ಒಳಬದಿಯಲ್ಲಿ ಒಂದು ತೆಳ್ಳನೆಯ ತಣ್ಣನೆಯ ಎಳೆ, ಮೆಲ್ಲಗೆ, ಮೊಣಕೈಯ ಕಡೆಗೆ, ಉಣ್ಣೆ ಹೀರಿಕೊಳ್ಳುತ್ತಿದೆ, ನೂಲು, ಆ ನೂಲಿನ ದಾರಿಯಲ್ಲೇ ಬರುತ್ತಿದೆ. ಬೆಚ್ಚಗಿರಲಿ ಅಂತ ತೆರೆದಿಟ್ಟ ದಾರಿ. ತೋಳು ತುಂಬುತ್ತದೆ, ಆಮೇಲೆ ಪಕ್ಕೆ, ಆಮೇಲೆ ಹೊಟ್ಟೆ, ಗಾಳಿ ಇದ್ದಲ್ಲೆಲ್ಲ ನೀರು ಬಂದು ಕೂರುತ್ತದೆ, ಇಷ್ಟು ಆಳದಿಂದ ನಿಧಾನವಾಗಿ ಮೇಲೇರಲೇಬೇಕು, ನಡುವೆ ನಿಲ್ಲಲೇಬೇಕು, ಅಷ್ಟರಲ್ಲಿ ನಡುಕ ನಿಂತುಹೋಗಿರುತ್ತದೆ, ನಡುಕ ನಿಂತಾಗ ಹೆದರು ಅಂದಿದ್ದ ಐಲಿಫ್, ನಡುಗೋವರೆಗೂ ನೀನಿನ್ನೂ ಇದೀಯ ಅಂತ ಲೆಕ್ಕ. ಮರಳಿನ ಮೇಲೆ ಅಂಗಾತ ಬಿದ್ದು ಕೈಯನ್ನು ಮೇಲೆತ್ತಿದಳು, ಕೈ ಮೇಲಿದ್ದರೆ ನೀರು ಬರುವುದಿಲ್ಲ, ಗಾಳಿ ಹೊರಗೆ ಹೋಗುತ್ತದೆ ಅಷ್ಟೇ, ಗಾಳ ಮುಖದೆತ್ತರಕ್ಕಿಂತ ಮೇಲೆ ಬಿಡಲಿಲ್ಲ, ಸೀಳಿನಿಂದ ಗುಳ್ಳೆಗಳು ಬುಳುಬುಳು ಏರಿದವು, ಒಳಗಿನ ಬೆಚ್ಚನೆಯ ಗಾಳಿಯೆಲ್ಲ ಹೀಗೆ ಕಣ್ಣೆದುರಿಗೇ ಹೊರಟಿತು, ಬಲಗೈಯಲ್ಲಿ ಮೊಣಕಾಲಿಗೆ ಕಟ್ಟಿದ ಚಾಕು ಎಳೆದು ಗಾಳದ ಹುರಿಗೆ ಹಚ್ಚಿ ಉಜ್ಜಿದಳು, ಚಾಕು ಜಾರಿತು, ಮತ್ತೆ ಉಜ್ಜಿದಳು, ಹಗ್ಗವಲ್ಲ ಅದು, ಉಕ್ಕಿನ ತಂತಿ, ಚಾಕುವಿಗೆ ಬಗ್ಗುವುದಲ್ಲ. ಆಗಲೇ ಎದೆಯ ಹಗ್ಗ ಒಮ್ಮೆ ಜಗ್ಗಿತು. ಮೇಲಿನಿಂದ ಒಂದು ಜಗ್ಗು ಅಂದರೆ ಸರಿ ಇದೀಯಾ ಅಂತ, ಇವಳೂ ಒಂದು ಜಗ್ಗಿದರೆ ಸರಿ ಇದೀನಿ ಅಂತ, ಜಗ್ಗದೇ ಹೋದರೆ ಅವನು ಎಳೆದುಕೊಳ್ಳುತ್ತಾನೆ, ಎಳೆಯಲಿ, ಎಳೆದುಕೊಳ್ಳಲಿ, ಬೇಡ, ಕಲ್ಲಿಗೆ ಸಿಕ್ಕ ತಂತಿ ಬಿಡುವುದಿಲ್ಲ, ಅವನೂ ಬಿಡುವುದಿಲ್ಲ, ನಡುವೆ ಸೀಳುವುದು ಇವಳ ತೋಳು, ಸೀಳು ಸೂಟಿಗೇರಿದರೆ ನೀರೆಲ್ಲ ಒಂದೇ ಸಲ ಒಳಗೆ, ಏನು ಮಾಡಲಿ ಐಲಿಫ್, ಕೇಳಿಸುತ್ತಾ, ಅಲ್ಲಿ ಕೂತುಕೊಂಡು ಬ್ರೆಡ್ ತಿನ್ನುತ್ತಿದ್ದೀಯಲ್ಲ — ಹಗ್ಗ ಮತ್ತೆ ಜಗ್ಗಿತು, ಈ ಸಲ ಜೋರಾಗಿ. ಗುನ್ವೋರ್ ಒಂದೇ ಒಂದು ಸಲ ಜಗ್ಗಿದಳು. ಸರಿ ಇದೀನಿ. ಮದುವೆಯಾದಾಗಿನಿಂದ ಅವನಿಗೆ ಇಷ್ಟು ದೊಡ್ಡ ಸುಳ್ಳು ಹೇಳಿದ್ದೇ ಇಲ್ಲ.

ಕೈಗವಸು ಬಿಚ್ಚಬೇಕು. ಬೇಡ, ಈ ನೀರಿಗೆ ಬರಿಗೈ ಬೇಡ, ಆದರೂ ಗಾಳ ಕಚ್ಚಿರುವುದು ಕೈಗವಸನ್ನು, ಕೈಯನ್ನಲ್ಲ, ಕೈಗವಸು ಅದಕ್ಕೇ ಇರಲಿ, ನೂಲು ಕಿತ್ತು ಬಿಸಾಕಿದರೆ ರಬ್ಬರ್ ಪಟ್ಟಿ ಮಣಿಕಟ್ಟಿಗೆ ಮುಚ್ಚಿಕೊಳ್ಳುತ್ತದೆ, ಕೈ ಹೋಗುತ್ತದೆ, ಮೈ ಉಳಿಯುತ್ತದೆ. ಕೈ ಹೋಗುತ್ತದಾ, ಎಷ್ಟು ಹೊತ್ತಿಗೆ ಹೋಗುತ್ತದೆ, ಯಾರಿಗೆ ಗೊತ್ತು, ಮೀನಿನ ಕಾರ್ಖಾನೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೈಯಿಟ್ಟು ದುಡಿದವಳಲ್ಲವೇ ನೀನು, ಆಗ ಪಕ್ಕದಲ್ಲಿ ಬಿಸಿನೀರಿನ ನಲ್ಲಿ ಇತ್ತು, ಪಕ್ಕದ ಹುಡುಗಿಯರು ನಗುತ್ತಿದ್ದರು, ಇಲ್ಲಿ ಯಾರಿದ್ದಾರೆ, ಮಾಡು, ಈಗಲೇ ಮಾಡು, ಬಲಗೈ ಇನ್ನೂ ಮಾತು ಕೇಳುತ್ತಿರುವಾಗಲೇ. ಕೈಗವಸನ್ನು ಸೂಟಿನ ತೋಳಿಗೆ ಹಿಡಿದಿರುವುದು ಗಟ್ಟಿಯಾದ ಒಂದು ಬಳೆ, ದೋಣಿಯಲ್ಲಾದರೆ ಐಲಿಫ್ ಎರಡೂ ಕೈ ಹಾಕಿ ತಿರುಪಿ ಬಿಚ್ಚುತ್ತಾನೆ, ಈಗ ಒಂದೇ ಕೈ, ಚಾಕುವನ್ನು ಮರಳಿಗೆ ಚುಚ್ಚಿಟ್ಟು ಬಳೆಯನ್ನು ಎದೆಗೆ ಒತ್ತಿಕೊಂಡು ತಿರುಪಿದಳು, ಬರಲಿಲ್ಲ, ಮೊಣಕಾಲ ನಡುವೆ ಸಿಕ್ಕಿಸಿ ತಿರುಪಿದಳು, ಉಸಿರು ನಾಯಿಯ ಹಾಗೆ ಬರುತ್ತಿತ್ತು, ನಿಧಾನ, ನಿಧಾನಕ್ಕೆ ಉಸಿರು ಬಿಡು, ಸಿಲಿಂಡರಿನ ಗಾಳಿ ಮುಗಿಸಿಕೊಂಡು ಸಾಯ್ತೀಯಾ — ಟಕ್ ಅಂತ ಬಳೆ ಬಿಟ್ಟಿತು. ಕೈ ಹೊರಗೆ ಬಂತು. ಒಳಗಿನ ಉಣ್ಣೆಯ ಗವಸೂ ಜಾರಿಹೋಗಿ ಬರಿಗೈ, ದೀಪದ ಬೆಳಕಿನಲ್ಲಿ ಬೆಳ್ಳಗೆ, ನೀರು ಅದನ್ನು ಹಿಡಿದು ಹಿಂಡಿತು, ಮೂಳೆ ಮೂಳೆಯನ್ನೂ ಎಣಿಸಿಕೊಳ್ಳುವ ಹಾಗೆ ಹಿಂಡಿತು, ಥಟ್ಟನೆ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು, ಈಗ ತಡೆಯುವ ತಂತಿಯಿಲ್ಲ, ಮಣಿಕಟ್ಟಿನಿಂದ ಸಣ್ಣ ಗುಳ್ಳೆಗಳ ಸಾಲು ಏರಿತು, ಗುಳ್ಳೆ ಏಳುವಲ್ಲೇ ನೂಲಿದೆ, ಸೂಟು ಮೈಗೆ ಅಂಟಿಕೊಳ್ಳತೊಡಗಿತು, ಗಾಳಿ ಹೋದ ಉಣ್ಣೆ ಒದ್ದೆ ಕಂಬಳಿಯ ಹಾಗೆ ಚಪ್ಪಟೆಯಾಯಿತು, ಬೆನ್ನಿಗೆ ಚಳಿ ಬಂತು, ಬಲಗೈಯ ದಪ್ಪ ರಬ್ಬರ್ ಬೆರಳುಗಳಿಗೆ ನೂಲು ಸಿಗುವುದಿಲ್ಲ, ಜಾರುತ್ತದೆ, ಮರಳಿನಿಂದ ಚಾಕು ಕಿತ್ತುಕೊಂಡು ಅದರ ಮಗ್ಗುಲಿಗೆ ಹೆಬ್ಬೆರಳು ಒತ್ತಿ ನಡುವೆ ನೂಲು ಹಿಡಿಯಬೇಕು, ಚಾಕು ಒಂದಿಷ್ಟು ಓರೆಯಾದರೆ ಪಟ್ಟಿ ಕುಯ್ದುಹೋಗುತ್ತದೆ, ಪಟ್ಟಿ ಹೋದರೆ ಎಲ್ಲ ಹೋಯಿತು, ಕೈ ನಡುಗಬೇಡ, ನಡುಗಬೇಡ, ನಡುಗಿದರೇ ಒಳ್ಳೆಯದು ಅಂತಲ್ಲವೇ ಅವನು ಹೇಳಿದ್ದು — ಹಿಡಿದಳು, ಜಾರಿತು, ಮತ್ತೆ ಹಿಡಿದಳು, ಎಳೆದಳು, ಬೂದು ನೂಲು ಸುರುಳಿಯಾಗಿ ಹೊರಗೆ ಬಂದು ಕಣ್ಣೆದುರು ತೇಲಿ ಹೋಯಿತು. ಗುಳ್ಳೆ ನಿಂತಿತು. ನಿಂತಿತಾ, ನಿಂತಿತು. ಎದೆಯ ಗುಂಡಿ ಒತ್ತಿದಳು, ಸಿಲಿಂಡರಿನಿಂದ ಸೂಟಿನೊಳಕ್ಕೆ ಗಾಳಿ ಸುಯ್ಯೆಂದು ನುಗ್ಗಿತು, ಬೆಚ್ಚಗೇನಿರಲಿಲ್ಲ, ಆದರೂ ಉಣ್ಣೆ ಮೆಲ್ಲಗೆ ಉಬ್ಬಿ ಮೈಬಿಟ್ಟು ನಿಂತಿತು, ಬಲೆಚೀಲ ಅಲ್ಲೇ ಬಿಟ್ಟಳು, ಎಳೆದುಕೋ ಅಂತ ಹಗ್ಗವನ್ನು ಜಗ್ಗಿದಳು, ಜಗ್ಗಿದಳು, ಜಗ್ಗುತ್ತಲೇ ಇದ್ದಳು. ಕಾಲು ಮರಳು ಬಿಟ್ಟಾಗ ಕೆಳಗೆ ನೋಡಬಾರದಿತ್ತು. ನೀಲಿ ಕೈಗವಸು ಗಾಳಕ್ಕೆ ನೇತುಬಿದ್ದಿತ್ತು, ನೀರು ತುಂಬಿ ದಪ್ಪಗೆ, ಒಳಗೆ ಕೈ ಇರುವ ಹಾಗೇ, ಸೆಳೆತ ಬಂದಾಗ ಐದೂ ಬೆರಳು ಬಿಡಿಸಿಕೊಂಡವು, ಸೆಳೆತ ಹೋದಾಗ ಮಡಿಸಿಕೊಂಡವು.

ನಡುವೆ ನಿಲ್ಲಿಸಿದ ಅವನು, ಎಷ್ಟು ಗಾಬರಿಯಾಗಿದ್ದರೂ ನಿಲ್ಲಿಸಿದ, ಸತ್ತ ಮೂಳೆಯವನಿಗೆ ಹೇಳಿಕೊಡಬೇಕಿಲ್ಲ, ಹಗ್ಗದಲ್ಲಿ ತೂಗಾಡುತ್ತಾ ಬರಿಗೈಯನ್ನು ಬಲಗಂಕುಳಿಗೆ ಒತ್ತಿಕೊಂಡು ಅವಳು ಕಾದಳು, ಮೇಲೆ ದೋಣಿಯ ಹೊಟ್ಟೆ ಕಾಣುತ್ತಿದೆ, ಕೈ ನೋಯುವುದು ನಿಂತಿದೆ, ಅದೇ ಭಯ, ನೋವು ಎಲ್ಲಿ ಹೋಯಿತು, ಕೆಳಗೆ ಬರೀ ಕಪ್ಪು, ಕಪ್ಪಿನಲ್ಲಿ ಅದು ಬೆರಳು ಬಿಡಿಸುತ್ತಿದೆ, ಮಡಿಸುತ್ತಿದೆ, ಕಾಣದಿದ್ದರೂ ಗೊತ್ತು. ಆಮೇಲೆ ಗಾಳಿ, ಬೆಳಕು, ಕಂಕುಳಿಗೆ ಕೈ ಹಾಕಿ ಮೀನಿನ ಹಾಗೆ ದೋಣಿಯೊಳಕ್ಕೆ ಎಳೆದುಕೊಂಡ ಐಲಿಫ್, ಕುಂಟುತ್ತಾ ಕ್ಯಾಬಿನ್ನಿಗೆ ಹೊತ್ತೊಯ್ದ, ಒಲೆಯ ಪಕ್ಕ ಕೂರಿಸಿದ, ಕೈ ನೋಡಿದ, ಮೇಣದ ಬಣ್ಣ, ಬಕೆಟ್ಟಿಗೆ ನೀರು ಬೆರೆಸಿ ತನ್ನ ಮೊಣಕೈ ಅದ್ದಿ ನೋಡಿದ, ಬಿಸಿ ಹಾಕೋ, ಇನ್ನೂ ಬಿಸಿ ಹಾಕು ಅಂದಳು ಅವಳು, ಸುಮ್ನಿರು ಅಂದ ಅವನು, ಉಗುರುಬೆಚ್ಚಗೆ ಸಾಕು, ಸುಟ್ರೂ ಗೊತ್ತಾಗೋಲ್ಲ ನಿಂಗೆ ಈಗ, ಸರಿ ಇದೀನಿ ಅಂತ ಜಗ್ಗಿದ್ಯಲ್ಲೇ, ನಾನು ನಿಶ್ಚಿಂತೆಯಾಗಿ ಕಾಫಿ ಬಗ್ಗಿಸ್ಕೊಂಡೆ, ಕಾಫಿ ಬಗ್ಗಿಸ್ಕೊಂಡೆ ಕಣೇ ನಾನು. ನೀನು ಎಳ್ದಿದ್ರೆ ಸೀಳ್ಹೋಗ್ತಿತ್ತು, ಗಾಳ ಇತ್ತು, ಅವಳ ಹಲ್ಲು ಕಟಕಟ ಹೊಡೆದುಕೊಂಡು ಮಾತು ತುಂಡುತುಂಡಾಗಿ ಬಂತು. ಅವನು ಅವಳ ಮಣಿಕಟ್ಟು ತಿರುಗಿಸಿ ನೋಡಿದ, ಪಟ್ಟಿಯ ಅಡಿಯಲ್ಲಿ ಏನೂ ಇರಲಿಲ್ಲ, ಚರ್ಮದ ಮೇಲೆ ನೂಲಿನ ಗುರುತಷ್ಟೇ ಕೆಂಪಗೆ, ತೋಳು ಮೊಣಕೈವರೆಗೂ ಒದ್ದೆ, ನಾನೇ ಹಾಕಿದ್ದು, ಅಂದ, ಅಮ್ಮ ಹೇಳಿದ್ಲು, ಆದ್ರೂ ನಾನೇ ಹಾಕ್ದೆ. ಮೊದ್ಲು ಬೆಚ್ಚಗಿತ್ತು ಕಣೋ, ಅಂದಳು ಗುನ್ವೋರ್, ನಿಜವಾಗ್ಲೂ ಬೆಚ್ಚಗಿತ್ತು, ಅಷ್ಟರಲ್ಲಿ ನೋವು ಬಂತು, ಬೆರಳ ತುದಿಯಿಂದ, ಸುತ್ತಿಗೆಯಲ್ಲಿ ಬಡಿದ ಹಾಗೆ, ಅವಳು ಕಿರುಚಿದಳು, ಐಲಿಫ್ ಬಕೆಟ್ಟಿನ ಪಕ್ಕ ಸರಿಯಿಲ್ಲದ ಸೊಂಟದಲ್ಲೇ ಮಂಡಿಯೂರಿ ನಗುತ್ತಿದ್ದ, ಅಳುತ್ತಿದ್ದ, ಕಿರುಚು, ಇನ್ನೂ ಕಿರುಚು, ಬಂತು ನಿನ್ನ ಕೈ, ಬಂತು, ಬೆರಳು ಆಡ್ಸು ನೋಡೋಣ, ಬಿಡ್ಸು, ಮಡ್ಸು, ಅವಳು ನೀರಿನೊಳಗೆ ಕೆಂಪಾಗುತ್ತಿರುವ ಬೆರಳುಗಳನ್ನು ನೋಡಿದಳು, ಬಿಡಿಸಬೇಕು, ಬಿಡಿಸಿದಳು, ಮಡಿಸಬೇಕು, ಅವನು ಏನೋ ಕೇಳುತ್ತಿದ್ದಾನೆ, ಮತ್ತೆ ಇಳಿಯೋದು ಬೇಡ ಅನ್ನುತ್ತಿದ್ದಾನಾ, ಕಾಫಿ ಕೊಡಲಾ ಅನ್ನುತ್ತಿದ್ದಾನಾ, ಕೇಳಿಸುತ್ತಿಲ್ಲ, ಕೆಳಗೆ ಆ ಕತ್ತಲಲ್ಲಿ ನೀಲಿ ಕೈಗವಸು, ನೀರು ತುಂಬಿ, ಒಬ್ಬೊಂಟಿಯಾಗಿ, ಬೆರಳು ಬಿಡಿಸುತ್ತಿದೆ, ಮಡಿಸುತ್ತಿದೆ, ಬಿಡಿಸುತ್ತಿದೆ —