ಸಂವಹನ ಸಮಿತಿಯ ಗಂಟೆ

ನನ್ನ ಗಂಡ ನಮ್ಮ ಚರ್ಚಿನ ಸಂವಹನ ಸಮಿತಿಗೆ ಅಧ್ಯಕ್ಷರಾದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ನಕ್ಕೆ. ನಗದೆ ಇನ್ನೇನು ಮಾಡಲಿ? ಒಂದೇ ಮನೆಯ ಮಹಡಿ ಮೇಲಿರುವ ಒಡಹುಟ್ಟಿದ ತಮ್ಮನ ಜೊತೆ ಮೂರು ವರ್ಷದಿಂದ ಒಂದು ಮಾತೂ ಆಡದ ಮನುಷ್ಯ, ಲೋಕದ ಜನಕ್ಕೆ ದೇವರ ವಿಷಯ ಹೇಗೆ ಹೇಳಬೇಕೆಂದು ಕಲಿಸಲು ಹೊರಟಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಇವರು ಊರಿಗೆಲ್ಲ ಬೆಳ್ಳಿ ಹಂಚಿ, ತಮ್ಮನಿಗೆ ಮಾತ್ರ ಬಂಗಾರ ಎತ್ತಿಟ್ಟಿದ್ದರು.

ಅಣ್ಣತಮ್ಮಂದಿರ ನಡುವಿನ ಟಪಾಲು ನಾನು. "ನಿನ್ನ ಮೈದುನನಿಗೆ ಹೇಳು, ಟ್ಯಾಂಕ್ ತುಂಬಿ ಹರೀತಿದೆ, ಮೋಟರ್ ಆಫ್ ಮಾಡ್ಲಿ" ಎಂದು ಇವರು ಮಹಡಿಗೆ ಕೇಳುವ ಹಾಗೆ ನನಗೆ ಹೇಳುತ್ತಾರೆ. "ಆಗ್ಲೇ ಮಾಡಿದ್ದಾಯ್ತು ಅಂತ ಹೇಳಿ ಅತ್ತಿಗೆ" ಎಂದು ಅವನು ಮೇಲಿನಿಂದ ಕೂಗುತ್ತಾನೆ. ನಾನು ನಡುಮನೆಯಲ್ಲಿ ಹೊಲಿಗೆ ಮೆಷಿನ್ ಮುಂದೆ, ಹಲ್ಲಿನಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಇಬ್ಬರಿಗೂ "ಹ್ಞೂಂ" ಅನ್ನುತ್ತೇನೆ. ಗಿರಾಕಿಗಳು ಬ್ಲೌಸಿನ ಅಳತೆ ಕೊಡಲು ಬಂದು ಈ ನಾಟಕವನ್ನೂ ಪುಕ್ಕಟೆ ನೋಡಿಕೊಂಡು ಹೋಗುತ್ತಾರೆ.

ಜಗಳದ ಮೂಲ ಒಂದು ಮೈಕು. ನನ್ನ ಮೈದುನ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಅತ್ತೆ ತೀರಿಹೋದ ದಿನ ಚರ್ಚಿನಲ್ಲಿ ಅವನೇ ಮೈಕ್ ಕಟ್ಟಿದ್ದ. ನನ್ನ ಗಂಡ ಅಗಲಿದ ತಾಯಿಯ ಬಗ್ಗೆ ನಾಲ್ಕು ಮಾತಾಡಲು ಎದ್ದರು. ನಾಲ್ಕು ಮಾತು ಅಂದರೆ ಇವರಿಗೆ ಅರ್ಧ ಗಂಟೆ. ಅದರಲ್ಲಿ ತಾಯಿ ಸ್ವಲ್ಪ ಇದ್ದರು, ಇವರೇ ಬಹಳ ಇದ್ದರು. "ಹಗಲಿರುಳೆನ್ನದೆ ನಾನು ಆ ಪಾದಗಳ ಸೇವೆ ಮಾಡಿದೆ" ಎಂದರು. ಅತ್ತೆಗೆ ತುತ್ತು ಕೊಟ್ಟದ್ದು ನಾನು, ಹೊರಳಿಸಿ ಮಲಗಿಸಿ ಬಟ್ಟೆ ಬದಲಿಸಿದ್ದು ಮೈದುನ. ಇವರು ಬಾಗಿಲಲ್ಲಿ ನಿಂತು "ಹೇಗಿದ್ದೀಯಮ್ಮ" ಎಂದು ಕೇಳಿ ಆಫೀಸಿಗೆ ಹೋಗುತ್ತಿದ್ದರು. "ಸೇವೆ ಮಾಡಿದೆ" ಅನ್ನುವಲ್ಲಿಗೆ ಮೈಕ್ ಸತ್ತಿತು. ಹಿಂದೆ ತಿರುಗಿ ನೋಡಿದರೆ ಮೈದುನನ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ತುಂಬಿದ ಚರ್ಚಿನ ಎದುರು ಇವರ ಬಾಯಿ ಮಾತ್ರ ಆಡುತ್ತಿತ್ತು. ಅಂದಿನಿಂದ ಇವರು ಅವನೊಡನೆ ಮಾತು ಬಿಟ್ಟರು, ಅವನು ಚರ್ಚು ಬಿಟ್ಟ.

ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಉಂಟು. ಬೇರೆಯವರ ತಪ್ಪನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪನ್ನೂ ಕ್ಷಮಿಸು ಎಂದು ಇವರು ದಿನವೂ ಕಣ್ಣು ಮುಚ್ಚಿ, ಗಂಟಲು ತುಂಬಿ ಹೇಳುತ್ತಾರೆ. ಆಕಾಶದ ತನಕ ಹೋಗುವ ಮಾತು ಮಹಡಿಯ ತನಕ ಹೋಗುತ್ತಿರಲಿಲ್ಲ.

ಹೀಗಿರುವಾಗ ಮೈದುನ ಒಂದು ದಿನ ಮೆಟ್ಟಿಲ ಮೇಲೆ ಕೂತು, "ದೂರದೂರಲ್ಲಿ ಒಂದು ಸಭಾಂಗಣದಲ್ಲಿ ಕೆಲಸ ಸಿಕ್ಕಿದೆ ಅತ್ತಿಗೆ. ಸೋಮವಾರ ಲಾರಿ ಬರತ್ತೆ. ಹೋಗ್ತೀನಿ" ಅಂದ.

"ಹೋಗ್ತೀನಿ ಅನ್ಬಾರ್ದು ಕಣೋ, ಬರ್ತೀನಿ ಅನ್ನು."

"ವಾಪಸ್ ಬರೋರು ಹಾಗಂತಾರೆ."

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅವನ ಯೂನಿಫಾರ್ಮಿಗೆ ಗುಂಡಿ ಹೊಲಿದು ಹೊಲಿದೇ ನನಗೆ ಹೊಲಿಗೆ ಬಂದದ್ದು. ಅಣ್ಣನ ಬಾಯಿಂದ ಒಂದು ಮಾತು ಕೇಳದೆ ಅವನು ಲಾರಿ ಹತ್ತಿದರೆ ಮತ್ತೆ ಈ ಹೊಸಲು ತುಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನಿಜವಾಗಿ ಹೆದರಿಕೆಯಾಯಿತು. ಇವರಿಗೆ ಹೇಳಿದೆ. "ಹೋಗೋರನ್ನ ಹಿಡಿಯೋಕಾಗತ್ತಾ?" ಎಂದು ಕನ್ನಡಕ ಒರೆಸಿಕೊಂಡು, ಸಮಿತಿ ಶನಿವಾರ ಇಟ್ಟುಕೊಂಡಿದ್ದ ತರಬೇತಿಗೆ ಭಾಷಣ ಬರೆಯಲು ಕೂತರು.

ಆ ತರಬೇತಿಗೆ ಹೊರಗಿನಿಂದ ಒಬ್ಬ ಪರಿಣತ ಬರುವವನಿದ್ದ. ಎಲ್ಲವನ್ನೂ ಒಂದು ನಿಮಿಷದಲ್ಲಿ ಹೇಳಬೇಕು ಅನ್ನುವುದು ಅವನ ಸಿದ್ಧಾಂತ. ಹಾಗಾಗಿ ನಾವು ಅವನಿಗೆ ಒಂದ್ನಿಮಿಷದ ಗುರು ಎಂದು ಹೆಸರಿಟ್ಟಿದ್ದೆವು. ಶನಿವಾರ ಈ ಸಿದ್ಧಾಂತವನ್ನು ವಿವರಿಸಲು ಅವನು ಇಡೀ ಬೆಳಗ್ಗೆ ತೆಗೆದುಕೊಂಡ. ಇಂದಿನ ಜನಕ್ಕೆ ಹಳೆಯ ಚರ್ಚಿನ ಪದಗಳು ಅರ್ಥವಾಗುವುದಿಲ್ಲವಂತೆ. ಅದಕ್ಕೆ ಪಾಪ ಅನ್ನಬಾರದು, 'ಒಳಗಿನ ಅಸಮತೋಲನ' ಅನ್ನಬೇಕು. ಪಶ್ಚಾತ್ತಾಪಕ್ಕೆ 'ದಿಕ್ಕಿನ ಮರುಹೊಂದಾಣಿಕೆ'. ರಕ್ಷಣೆಗೆ 'ಬದುಕಿನ ಅಪ್‌ಗ್ರೇಡ್'. ಕ್ಷಮೆಗೆ 'ಸಂಬಂಧ ನವೀಕರಣ'. ಕೇಳಿದವರಿಗೆ ಅರ್ಥವಾಗಲಿ ಎಂದು ಇಷ್ಟೆಲ್ಲ ತಾಪತ್ರಯ.

ಮೊದಲ ಸಾಲಿನಲ್ಲಿ ಕೂತಿದ್ದ ನನ್ನ ಕೈಗೆ ಅವನು ಒಂದು ಮೇಜಿನ ಗಂಟೆ ಕೊಟ್ಟ. ಆಫೀಸಿನಲ್ಲಿ ಜವಾನನನ್ನು ಕರೆಯಲು ಕುಟ್ಟುತ್ತಾರಲ್ಲ, ಅಂಥದ್ದು. "ಕೇಳೋರಿಗೆ ಅರ್ಥ ಆಗದ ಪದ ಬಂತೋ, ಹೊಡೀರಿ ಮೇಡಂ. ಮುಲಾಜು ನೋಡ್ಬೇಡಿ" ಅಂದ. ಪಾಪ, ನಮ್ಮ ಮುದಿ ಸಭಾಪಾಲಕರು ಊಟದ ಮುಂಚಿನ ಪ್ರಾರ್ಥನೆಗೆ ಎದ್ದು ಸಿಕ್ಕಿಬಿದ್ದರು. "ಕೃಪಾಳುವಾದ" ಎಂದರು, ಟಿಂಗ್. "ಪಾಪಿಗಳಾದ ನಾವು" ಎಂದರು, ಟಿಂಗ್. ಕೊನೆಗೆ ಒಂದು ಕಣ್ಣು ತೆರೆದು ಗಂಟೆಯನ್ನೇ ನೋಡುತ್ತ "ಆಮೆನ್" ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟರು. ಪ್ರಾರ್ಥನೆ ಇಷ್ಟು ಬೇಗ ಮುಗಿದದ್ದು ನಮ್ಮ ಚರ್ಚಿನ ಚರಿತ್ರೆಯಲ್ಲೇ ಇಲ್ಲ.

ಅಷ್ಟರಲ್ಲಿ ಚರ್ಚಿನ ಸಭಾಂಗಣದ ಮೈಕ್ ಕೆಟ್ಟಿತು. ವೈರು ತುಂಡಾಗಿತ್ತು. ಹೇಗೆ ತುಂಡಾಯಿತು ಎಂದು ನನ್ನನ್ನು ಕೇಳಬೇಡಿ. ಟೈಲರ್ ಚೀಲದಲ್ಲಿ ಕತ್ತರಿಯಲ್ಲದೆ ಇನ್ನೇನಿರುತ್ತದೆ? "ನನ್ನ ಮೈದುನನ್ನ ಕರೀತೀನಿ, ಚಿಟಿಕೆ ಹೊಡೆಯೋದ್ರೊಳಗೆ ಸರಿ ಮಾಡ್ತಾನೆ" ಎಂದು ಸಮಿತಿಯ ಕಾರ್ಯದರ್ಶಿಯ ಕಿವಿಯಲ್ಲಿ ಹೇಳಿದೆ. ಈ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಬಾಯಿ ತೆಗೆಸುವುದು ಅವರ ಕಸುಬಾದರೂ ನನ್ನ ಗಂಡನ ಎದುರು ತಮ್ಮ ಬಾಯಿ ತೆಗೆಯುವವರಲ್ಲ. ತಲೆಯಾಡಿಸಿದರು.

ಮಧ್ಯಾಹ್ನ ಅಭ್ಯಾಸ. ಒಬ್ಬರು ನಂಬಿಕೆ ಹಂಚಬೇಕು, ಇನ್ನೊಬ್ಬರು ನಂಬದವರಾಗಿ ನಟಿಸಬೇಕು. ನಂಬದವನ ಪಾತ್ರ ಹಲ್ಲಿನ ಡಾಕ್ಟರಿಗೆ ಬಂದಿತ್ತು. ತೊಟ್ಟಿಲಿಂದಲೇ ಚರ್ಚಿನಲ್ಲಿರುವ ಮನುಷ್ಯ, ಎದುರಿನವರು "ನಮಸ್ಕಾರ" ಅಂದರೆ ಸಾಕು, "ಹೌದು ಹೌದು, ನಂಬಿದೆ" ಎಂದು ಎದ್ದು ಚಹಾದ ಕಡೆ ನೋಡುತ್ತಿದ್ದರು. ಗುರುವಿಗೆ ರೇಗಿತು. ವೇದಿಕೆಯ ಪಕ್ಕದಲ್ಲಿ ಕೂತು ವೈರಿಗೆ ಟೇಪ್ ಸುತ್ತುತ್ತಿದ್ದ ಮೈದುನನ ಮೇಲೆ ಅವನ ಕಣ್ಣು ಬಿತ್ತು.

"ನೀವು ಚರ್ಚಿಗೆ ಬರ್ತೀರಾ?"

"ಮೈಕ್ ಕಟ್ಟೋಕೆ ಬರ್ತೀನಿ."

"ಇಂಥೋರೇ ಬೇಕು! ಬನ್ನಿ, ಕೂತ್ಕೊಳ್ಳಿ. ಅಧ್ಯಕ್ಷರೇ, ನೀವೇ ಮಾದರಿ ತೋರಿಸಿ."

ಅವರಿಬ್ಬರೂ ಅಣ್ಣತಮ್ಮಂದಿರು ಅನ್ನುವುದು ಸಭಾಂಗಣದಲ್ಲಿ ಗುರುವಿಗೊಬ್ಬನಿಗೇ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಸಭ್ಯರು, ಸೀಲಿಂಗ್ ಫ್ಯಾನ್ ನೋಡುತ್ತ ಕೂತರು. ಇವರ ಮುಖ ಕೆಂಪಾಯಿತು. ಆದರೆ ಇವರನ್ನು ಯಾರಾದರೂ ವೇದಿಕೆಗೆ ಕರೆದು, ಇವರು ಬರುವುದಿಲ್ಲ ಎಂದದ್ದು ನಾನು ಕಂಡಿಲ್ಲ. ಎದುರುಬದುರು ಎರಡು ಕುರ್ಚಿ. ಕೈಯಲ್ಲಿ ಗುರು ಕೊಟ್ಟ ಕಾರ್ಡುಗಳು. ಮೂರು ವರ್ಷಗಳ ನಂತರ ತಮ್ಮನಿಗೆ ಇವರು ಆಡಿದ ಮೊದಲ ಮಾತನ್ನು ಕಾರ್ಡು ನೋಡಿಕೊಂಡು ಓದಿದರು.

"ನಮಸ್ಕಾರ. ನಿಮ್ಮ ಬದುಕಿನಲ್ಲಿ ಏನಾದರೂ ಕೊರತೆ ಕಾಡುತ್ತಿದೆಯೇ?"

ಮೈದುನ ಅಣ್ಣನ ಮುಖವನ್ನೇ ನೋಡಿದ. "ಕಾಡ್ತಿದೆ" ಎಂದ. "ನಂಗೊಬ್ಬ ಅಣ್ಣ ಇದಾನೆ. ಅವನು ಕೆಳಗಡೆ, ನಾನು ಮೇಲ್ಗಡೆ. ಮಾತಿಲ್ಲ."

"ಭೇಷ್! ಎಷ್ಟು ಸಹಜವಾಗಿದೆ ನೋಡಿ!" ಎಂದು ಗುರು ಪಿಸುಗುಟ್ಟಿದ.

ಇವರು ಎರಡನೆಯ ಕಾರ್ಡು ತೆಗೆದರು. "ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ."

"ಅರ್ಥ ಆಗಿದ್ರೆ ಇಷ್ಟು ದಿನ ಬೇಕಿತ್ತಾ? ಅಮ್ಮನ ದಿನ ನಾನು ಮೈಕ್ ಆಫ್ ಮಾಡಿದ್ದು ತಪ್ಪೇ. ಒಪ್ಕೋತೀನಿ. ಆದ್ರೆ ಅಮ್ಮ ಕೊನೇ ತನಕ 'ದೊಡ್ಡೋನು ಹತ್ರ ಬಂದ್ನಾ, ಬಂದ್ನಾ' ಅಂತ ಕೇಳ್ತಿದ್ಲು. ನೀನು ನಿದ್ದೇಲಿದ್ದಾಗ ಬಂದು ಪಕ್ಕದಲ್ಲೇ ಕೂತಿದ್ದ ಅಂತ ನಾನು ಸುಳ್ಳು ಹೇಳ್ತಿದ್ದೆ. ಆಮೇಲೆ ಅವನೇ ಮೈಕಲ್ಲಿ ಆ ಸುಳ್ಳು ಹೇಳಿದಾಗ ತಡ್ಕೊಳಕ್ಕಾಗ್ಲಿಲ್ಲ."

ಈ ಮಾತು ನನಗೂ ಗೊತ್ತಿರಲಿಲ್ಲ. ನನ್ನ ಕಣ್ಣು ತುಂಬಿತು. ಮಾತಾಡಿ, ಈಗಲಾದರೂ ಮಾತಾಡಿ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಇವರು ಕೈಯಲ್ಲಿದ್ದ ಕಾರ್ಡನ್ನು ಕೆಳಗಿಳಿಸಿದರು. ಆಗ ಗುರು ಕೈಗಡಿಯಾರ ತೋರಿಸಿ "ಮೂರನೇ ಕಾರ್ಡು, ಮೂರನೇ ಕಾರ್ಡು!" ಎಂದ.

"ಬನ್ನಿ," ಎಂದು ಇವರು ಓದಿದರು, "ಸಂಬಂಧ ನವೀಕರಣದ ಪಯಣವನ್ನು ಜೊತೆಯಾಗಿ ಆರಂಭಿಸೋಣ."

ಮೈದುನ ಎದ್ದ. ಟೇಪು, ಇಕ್ಕಳ ಚೀಲಕ್ಕೆ ಹಾಕಿಕೊಂಡ. "ಮೈಕ್ ಸರಿ ಆಗಿದೆ. ಮಾತಾಡೋರು ಮಾತಾಡಿ" ಎಂದು ಹೊರಟೇಹೋದ. ಗುರು ಎದ್ದು ನಿಂತು ಚಪ್ಪಾಳೆ ತಟ್ಟಿದ. ಇಂಥ ನಟನೆಯನ್ನು ತಾನು ಎಲ್ಲೂ ಕಂಡಿಲ್ಲವಂತೆ. ಮೊಬೈಲಿನಲ್ಲಿ ತೆಗೆದುಕೊಂಡಿದ್ದ ವಿಡಿಯೋವನ್ನು ಬೇರೆ ಚರ್ಚುಗಳಿಗೂ ಕಳಿಸುತ್ತಾನಂತೆ. ನನ್ನ ಗಂಡನಿಗೆ ಉತ್ತಮ ಸಂವಹನಕಾರ ಎಂದು ಶಾಲು ಹೊದಿಸಿದರು. ಆ ಗಲಾಟೆಯಲ್ಲಿ ಗಂಟೆಯನ್ನು ವಾಪಸ್ ಕೇಳಲು ಯಾರಿಗೂ ನೆನಪಾಗಲಿಲ್ಲ. ನಾನು ಅದನ್ನು ಕತ್ತರಿಯ ಜೊತೆ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದ ಮೇಲೆ ಇವರು ಶಾಲನ್ನು ಕುರ್ಚಿಯ ಮೇಲೆ ಎಸೆದು ಸುಮ್ಮನೆ ಕೂತರು. ನಾನೂ ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳ ನನ್ನ ಮೇಲೆ ತಿರುಗಿ, ಇವರಿಗೆ ಸುಖವಾಗಿಬಿಡುತ್ತಿತ್ತು. ಭಾನುವಾರ ಚರ್ಚಿನಲ್ಲಿ ಎಲ್ಲರೂ ಕೂಡಿ ಪ್ರಾರ್ಥಿಸುವಾಗ, ಕ್ಷಮಿಸು ಅನ್ನುವ ಸಾಲು ಬಂದಾಗ ಪಕ್ಕದಲ್ಲಿ ಇವರ ದನಿ ಇರಲಿಲ್ಲ. ಉಳಿದ ಸಾಲುಗಳಲ್ಲಿ ಇತ್ತು. ಬೇರೆ ಯಾರಿಗೂ ಇದು ತಿಳಿಯುವಂತಿರಲಿಲ್ಲ.

ಸೋಮವಾರ ಲಾರಿ ಬಂತು. ಸ್ಪೀಕರ್ ಡಬ್ಬಗಳು, ಹಾಸಿಗೆ, ವೈರಿನ ಸುರುಳಿಗಳು ಒಂದೊಂದಾಗಿ ಮೆಟ್ಟಿಲಿಳಿದವು. ಇವರು ಆಫೀಸಿಗೆ ಹೊರಟವರು ಚಪ್ಪಲಿ ಹುಡುಕುತ್ತ ಅಂಗಳದಲ್ಲೇ ಸುಳಿದಾಡುತ್ತಿದ್ದರು. ಚಪ್ಪಲಿ ಕಾಲಲ್ಲೇ ಇತ್ತು. ಕೊನೆಗೆ ಗೇಟಿನ ಹತ್ತಿರ ಬಂದು ಗಂಟಲು ಸರಿ ಮಾಡಿಕೊಂಡು, "ನಿನ್ನ ಮೈದುನನಿಗೆ ಹೇಳು, ಆ ದೊಡ್ಡ ಸ್ಪೀಕರ್ ಅಡ್ಡಡ್ಡ ಇಡ್ಬಾರ್ದು" ಅಂದರು.

"ಟಪಾಲಿಗೆ ಇವತ್ತು ರಜೆ. ನೀವೇ ಹೇಳಿ" ಎಂದೆ.

ಮೈದುನ ಲಾರಿಗೆ ಒರಗಿ ನಿಂತ. ಇವರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ಎರಡೂ ಕೈ ಹಿಂದೆ ಕಟ್ಟಿಕೊಂಡರು. ಭಾಷಣಕ್ಕೆ ಮುಂಚೆ ಹಾಗೇ ಮಾಡುವುದು.

"ನೋಡಪ್ಪಾ, ನಮ್ಮ ನಡುವೆ ಸಂವಹನದ ಒಂದು ಅಂತರ..."

ಟಿಂಗ್. ಗಂಟೆ ನನ್ನ ಕೈಯಲ್ಲಿತ್ತು.

"ಏನೇ ಇದು! ಅಂದ್ರೆ, ಅಂದಿನ ಭಾವನಾತ್ಮಕ ಪರಿಸ್ಥಿತಿಯ ಒತ್ತಡದಲ್ಲಿ..."

ಟಿಂಗ್.

"ಬೀದೀಲಿ ಮಾನ ಕಳೀಬೇಡ್ವೇ!"

"ಕೇಳೋರಿಗೆ ಅರ್ಥ ಆಗದ ಪದ ಬಂದ್ರೆ ಹೊಡೀಬೇಕು ರೀ. ಮುಲಾಜು ನೋಡ್ಬಾರ್ದಂತೆ."

ಸಾಮಾನು ಹೊರುವವರು ಕೆಲಸ ಬಿಟ್ಟು ನೋಡುತ್ತಿದ್ದರು. "ಎಲ್ಲರ ಕಡೆಯಿಂದಲೂ ಕೆಲವೊಂದು ತಪ್ಪುಗಳು ಆಗಿರ್ತವೆ..." ಎಂದರು. ಅದಕ್ಕೂ ಹೊಡೆದೆ. ಸಿಟ್ಟಿಗೆ ಸ್ವಲ್ಪ ಜೋರಾಗಿಯೇ ಹೊಡೆದೆ.

ಇವರ ಕೈ ಹಿಂದಿನಿಂದ ಮುಂದಕ್ಕೆ ಬಂತು. ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಜೋತಾಡಿತು. "ತಪ್ಪು ನಂದು ಕಣೋ" ಎಂದರು. "ಅಮ್ಮನ್ನ ನೋಡ್ಕೊಂಡಿದ್ದು ನೀನು. ನಾನು ಎಲ್ಲರೆದುರಿಗೆ ಸುಳ್ಳು ಹೇಳ್ದೆ. ಕ್ಷಮಿಸ್ಬಿಡೋ."

ಮೈದುನ ಕಿವಿಗೆ ಕೈ ಹಿಡಿದ. "ಎಂಜಿನ್ ಸದ್ದು. ಕೇಳಿಸ್ಲಿಲ್ಲ" ಎಂದ. ಡ್ರೈವರನ ಕಡೆ ತಿರುಗಿ, "ಸ್ವಲ್ಪ ಆಫ್ ಮಾಡಪ್ಪ" ಅಂದ. ಬೀದಿ ನಿಶ್ಶಬ್ದವಾಯಿತು. "ಇನ್ನೊಂದ್ಸಲ ಹೇಳಣ್ಣ."

ಇವರು ಇನ್ನೊಂದು ಸಲ ಹೇಳಿದರು, ಎದುರು ಮನೆಯವರೂ ಕಿಟಕಿ ತೆಗೆಯುವಷ್ಟು ಗಟ್ಟಿಯಾಗಿ. ಮೊದಲನೆಯ ಸಲವೇ ಅವನಿಗೆ ಕೇಳಿಸಿತ್ತು. ತುಂಬಿದ ಸಭೆಯಲ್ಲಿ ಯಾವ ಸ್ಪೀಕರ್ ಗೊರಗೊರ ಅನ್ನುತ್ತಿದೆ ಎಂದು ಹೇಳುವ ಕಿವಿ ಅದು. ಇರಲಿ, ಅಷ್ಟು ಹಕ್ಕು ಅವನಿಗಿತ್ತು.

ಅವನು ಮಹಡಿಯ ಬೀಗದ ಕೈ ತೆಗೆದ. ಇಷ್ಟು ವರ್ಷ ಎಲ್ಲಿಗೆ ಹೊರಟರೂ ಅದನ್ನು ನನ್ನ ಕೈಗೆ ಕೊಡುತ್ತಿದ್ದ. ಅವತ್ತು ಅಣ್ಣನ ಅಂಗೈಯಲ್ಲಿಟ್ಟು, ಅದರ ಮೇಲೆ ತನ್ನ ಕೈಯನ್ನೂ ಸ್ವಲ್ಪ ಹೊತ್ತು ಇಟ್ಟ. "ಬರ್ತೀನಣ್ಣ" ಎಂದ. ನನ್ನ ಕಡೆ ನೋಡಿ, "ಬರ್ತೀನಿ ಅತ್ತಿಗೆ" ಎಂದು ಲಾರಿ ಹತ್ತಿದ.

ಲಾರಿ ತಿರುವಿನಲ್ಲಿ ಮರೆಯಾಗುವ ತನಕ ಇವರು ಗೇಟು ಹಿಡಿದು ನಿಂತಿದ್ದರು. ಆಮೇಲೆ ಮೂಗು ಒರೆಸಿಕೊಂಡು, "ಸಂಜೆ ನಿನ್ನ ಮೈದುನನಿಗೆ ಒಂದು ಫೋನ್ ಮಾಡಿ ಕೇಳು, ನೆಟ್ಟಗೆ ತಲುಪಿದ್ನಾ ಅಂತ..." ಎಂದು ಶುರುಮಾಡಿದರು.

ನಾನು ಗಂಟೆಯ ಮೇಲೆ ಬೆರಳಿಟ್ಟೆ.

"ಆಯ್ತು ಮಾರಾಯ್ತಿ, ನಾನೇ ಮಾಡ್ತೀನಿ" ಎಂದು ಒಳಗೆ ಹೋಗಿ, ಸಂಜೆಯ ತನಕ ಕಾಯದೆ ಆಗಲೇ ಫೋನ್ ಎತ್ತಿಕೊಂಡರು.