ಹಡಗು ಕೂಗುವ ಹೊತ್ತು

ನಮ್ಮ ಬಂದರಿನಲ್ಲಿ ಪ್ರತಿ ವರ್ಷ ಆಗಸ್ಟಿನಲ್ಲಿ, ಸತ್ತ ಹಿರಿಯರು ಮನೆಗೆ ಬಂದು ಹೋಗುವ ಓಬೋನ್ ಹಬ್ಬಕ್ಕೆ, ಒಂದೇ ಸಿನಿಮಾ ಹಾಕುತ್ತಾರೆ. ಕೈಯಲ್ಲಿ ಬರೆದ ಚಿತ್ರಗಳ ಸಿನಿಮಾ. ಹೆಸರು 'ದೀಪಸ್ತಂಭದ ಮೊಮ್ಮಗಳು'. ನಾನು ಚಿಕ್ಕವಳಿದ್ದಾಗ ಬಂದದ್ದು. ಆಮೇಲೆ ಎಷ್ಟೋ ಸಿನಿಮಾ ಬಂದವು, ಹೋದವು, ಇದೊಂದು ಹೋಗಲಿಲ್ಲ. ಈ ಸಲ ಬೇರೆ ಏನಾದರೂ ಹಾಕೋಣ ಎಂದು ಪುರಸಭೆಯ ಹುಡುಗರು ಒಮ್ಮೆ ಬಾಯಿ ಬಿಟ್ಟಿದ್ದರು. ಊರಿನ ಮುದುಕಿಯರು ನೋಡಿದ ನೋಟಕ್ಕೆ ಆ ಮಾತು ಅಲ್ಲೇ ಸತ್ತಿತು.

ಕಥೆ ದೊಡ್ಡದೇನಲ್ಲ. ತಾಯಿ ಇಲ್ಲದ ಹುಡುಗಿ ಬೇಸಿಗೆ ರಜೆಗೆ ತಾತನ ಹತ್ತಿರ ಬರುತ್ತಾಳೆ. ತಾತ ದೀಪಸ್ತಂಭ ಕಾಯುವವನು, ಮಾತೇ ಆಡುವುದಿಲ್ಲ. ಹುಡುಗಿ ಸಿಡುಕುತ್ತಾಳೆ. ಬಿರುಗಾಳಿಯ ಸಂಜೆ ತಾತ ಮೆಟ್ಟಿಲಲ್ಲಿ ಜಾರಿ ಬಿದ್ದಾಗ ಅವಳೇ ಮೇಲೆ ಹತ್ತಿ ದೀಪ ಹಚ್ಚುತ್ತಾಳೆ. ರಾಕ್ಷಸರಿಲ್ಲ, ಯುದ್ಧವಿಲ್ಲ. ಕೊನೆಗೆ ಹೊರಡುವ ದಿನ ಬಾಗಿಲಲ್ಲಿ ನಿಂತು, ಹಿಂದಿರುಗಿ ನೋಡಿ, ಬಾಯಿ ತೆರೆಯುತ್ತಾಳೆ. ಅದೇ ಹೊತ್ತಿಗೆ ಕೆಳಗೆ ಹಡಗು ಕೂಗುತ್ತದೆ. ಅವಳು ಏನು ಹೇಳಿದಳು ಅನ್ನುವುದು ಯಾರಿಗೂ ಕೇಳಿಸುವುದಿಲ್ಲ. ಸಿನಿಮಾ ಮುಗಿಯಿತು.

ಬೇರೆ ಊರಿನವರು ಅಲ್ಲಿ ಮೂಗು ಒರೆಸಿಕೊಂಡು ಎದ್ದು ಹೋಗುತ್ತಾರಂತೆ. ನಮ್ಮವರು ಹಾಗಲ್ಲ. ಹಡಗು ಕೂಗಿದ ತಕ್ಷಣ ಇಡೀ ಸಭೆ ಒಟ್ಟಿಗೆ ಕಿರುಚುತ್ತದೆ, ಆ ಹುಡುಗಿ ಹೇಳಿದ್ದು ಏನೆಂದು ಅವರವರಿಗೆ ತೋಚಿದ ಹಾಗೆ. ನನ್ನ ಗಂಡ ಕಾಂಜೋ "ಹೋಗಿ ಬರ್ತೀನಿ!" ಅನ್ನುತ್ತಾನೆ. ಕ್ಷೌರದ ಅಂಗಡಿಯ ಹಿದೇಮಾಸ "ತಾತಾ, ಥ್ಯಾಂಕ್ಸ್!" ಅನ್ನುತ್ತಾನೆ. ನಾನು ಹುಡುಗಿಯಾಗಿದ್ದಾಗ "ಹೋಗ್ತೀನಿ, ಇನ್ನು ಬರಲ್ಲ!" ಎಂದು ಕೂಗುತ್ತಿದ್ದೆ. ಈ ಮೀನಿನ ವಾಸನೆಯ ಊರು ಬಿಟ್ಟು ಓಡಬೇಕು ಅಂತಿತ್ತು. ಕೊನೆಗೆ ಇದೇ ಊರಿನಲ್ಲಿ ಮೀನಿನ ವಡೆ ಕರಿಯುವವನನ್ನು ಮದುವೆಯಾದೆ. ಈಗ ಹುಡುಗಿಯ ಮಾತು ನನಗೆ ಬೇಡ, ತಾತನ ಕಡೆಯಿಂದ "ಹುಷಾರಾಗಿ ಹೋಗಿ ಬಾರೇ!" ಎಂದು ಅರಚುತ್ತೇನೆ. ಪರದೆಯ ಮೇಲಿನ ಹುಡುಗಿ ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ. ನಾವು ಮಾತ್ರ ಸೊಂಟ ಹಿಡಿದುಕೊಂಡು ಕೂರುತ್ತೇವೆ.

ಇಷ್ಟೆಲ್ಲ ಹೇಳಿದ್ದು ಮಿನೋರಿಗಾಗಿ. ಮಿನೋರಿ ಕಾಂಜೋನ ತಂಗಿಯ ಮಗಳು. ತಾಯಿ ಸತ್ತ ಮೇಲೆ ಚಿಕ್ಕಮ್ಮನ ಮನೆಯಲ್ಲಿ ಸ್ವಲ್ಪ ದಿನ, ದೊಡ್ಡಪ್ಪನ ಮನೆಯಲ್ಲಿ ಸ್ವಲ್ಪ ದಿನ ಇದ್ದು, ಕೆಲವು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಳು. ಈಗ ಹನ್ನೆರಡು ವರ್ಷ. ಒಳ್ಳೆಯ ಹುಡುಗಿ. ತಟ್ಟೆ ತೊಳೆಯುತ್ತಾಳೆ, ಹಾಸಿಗೆ ಮಡಿಸುತ್ತಾಳೆ. ಅದೇ ನನಗೆ ಮೈ ಉರಿಸುವುದು. ಶಾಲೆಯಿಂದ ಬಂದು ಬಾಗಿಲು ಸರಿಸಿದಳೆಂದರೆ, "ತೊಂದರೆ ಕೊಡ್ತಿದೀನಿ, ಕ್ಷಮಿಸಿ" ಎನ್ನುತ್ತಾಳೆ! ಅದು ನೆಂಟರ ಮಾತು. ಮನೆಯ ಮಕ್ಕಳು "ಬಂದೆ" ಅನ್ನಬೇಕು, ಒಳಗಿರುವವರು "ಬಂದ್ಯಾ" ಅನ್ನಬೇಕು. ನಾಲಿಗೆ ಹೊರಳುವ ಮೊದಲೇ ನಮ್ಮ ಮಕ್ಕಳು ಕಲಿಯುವ ಮಾತು ಅದು. ಇವಳು ಶೂ ಬಿಚ್ಚಿ, ಅದರ ಮೂತಿಯನ್ನು ಬೀದಿಯ ಕಡೆಗೆ ತಿರುಗಿಸಿ, ಗೋಡೆಗೆ ಒತ್ತಿ ಇಡುತ್ತಾಳೆ. ಏಳು ಅಂದರೆ ಎದ್ದು ಹೊರಡಬೇಕಲ್ಲ, ಹಾಗೆ.

ಜೂನ್ ತಿಂಗಳು, ನಮ್ಮ ಬೇಸಿಗೆಯ ಶುರುವಿನಲ್ಲಿ ಒಂದು ದಿನ ತಡೆಯಲಾಗಲಿಲ್ಲ. ವಡೆ ಎತ್ತುವ ಜಾಲರಿ ಸೌಟು ಕೈಯಲ್ಲೇ ಇತ್ತು.

"ಏನೇ ತೊಂದರೆ? ಯಾರಿಗೆ ಕೊಡ್ತಿದೀಯ? ಇದೇನು ದಂತ ವೈದ್ಯರ ಮನೆಯಾ? ನೆಟ್ಟಗೆ 'ಬಂದೆ' ಅನ್ನು!"

ಅವಳು ಬಾಗಿಲಲ್ಲೇ ನಿಂತಳು. ಬಾಯಿ ತೆರೆದಳು. ಮುಚ್ಚಿದಳು. ತಲೆ ಬಗ್ಗಿಸಿ ಮಾಳಿಗೆಗೆ ಹೋದಳು. ಮಾರನೆಯ ದಿನದಿಂದ ಅದೂ ಇಲ್ಲ, ಇದೂ ಇಲ್ಲ. ಬೆಕ್ಕು ಬಂದ ಹಾಗೆ ಸದ್ದಿಲ್ಲದೆ ಬರತೊಡಗಿದಳು.

"ಚೆನ್ನಾಗಾಯ್ತು," ಎಂದ ಕಾಂಜೋ, ಮೀನಿನ ಮುಳ್ಳು ಬಿಡಿಸುತ್ತ. "ಇದ್ದ ಒಂದು ಮಾತನ್ನೂ ಹೆದರಿಸಿ ಓಡಿಸಿದೆ."

"ನಿಮ್ಮ ಬಾಯಲ್ಲೇನು ಅಂಟು ಮೆತ್ತಿದೆಯಾ? ನೀವೇ ಹೇಳಬೇಕಿತ್ತು!"

"ಹೇಳಿಸಿದ್ರೆ ಬರೋ ಮಾತಾ ಅದು, ತೋಕಿಯೆ?"

ಆ ಮಾತು ನಿಜವಾಗಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆಗಸ್ಟ್ ಬಂತು. ಮುಚ್ಚಿಹೋದ ನಮ್ಮ ಹಳೆಯ ಪ್ರಾಥಮಿಕ ಶಾಲೆಯ ಆಟದ ಕೋಣೆಗೆ ಕಪ್ಪು ಪರದೆ ಕಟ್ಟಿದರು. ನಡು ಮಧ್ಯಾಹ್ನ, ಹೊರಗೆ ಜೀರುಂಡೆಗಳ ಗಲಾಟೆ, ಒಳಗೆ ಸೊಳ್ಳೆಬತ್ತಿಯ ಹೊಗೆ, ಎಲ್ಲರ ಕೈಯಲ್ಲೂ ಕಾಗದದ ಬೀಸಣಿಗೆ. ಮಿನೋರಿ ಹಿಂದಿನ ವರ್ಷಗಳಲ್ಲಿ ಹೋಂವರ್ಕ್ ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಈ ಸಲ ಹಿದೇಮಾಸ ಕಲ್ಲಂಗಡಿ ಕತ್ತರಿಸಲು ಸಹಾಯ ಬೇಕು ಅಂತ ಕರೆದ. ಇಲ್ಲ ಅನ್ನಲು ಅವಳಿಗೆ ಬರುವುದಿಲ್ಲ. ನಮ್ಮಿಬ್ಬರ ಮಧ್ಯೆ ಕೂತಳು.

ತಾತನ ಮೇಲೆ ಹುಡುಗಿ ಸಿಡುಕಿದಾಗ ಎಲ್ಲರೂ ನಕ್ಕರು. ಮಿನೋರಿ ನಗಲಿಲ್ಲ. ಒಂದು ಕಡೆ ತಾತ ಪೇರು ಹಣ್ಣನ್ನು ಕತ್ತರಿಸಿ, ತಟ್ಟೆಯಲ್ಲಿಟ್ಟು, ಹುಡುಗಿಯ ಕೋಣೆಯ ಬಾಗಿಲ ಹೊರಗೆ ಬಿಟ್ಟು ಹೋಗುತ್ತಾನೆ. ಒಂದು ಮಾತಿಲ್ಲ. ನಾನು ಅಲ್ಲಿ ಪ್ರತಿ ಸಲ ಅಳುತ್ತೇನೆ, ಈ ಸಲವೂ ಅತ್ತೆ. ಪಕ್ಕಕ್ಕೆ ತಿರುಗಿದರೆ ಮಿನೋರಿ ಬೀಸಣಿಗೆ ನಿಲ್ಲಿಸಿ ಪರದೆಯನ್ನೇ ನುಂಗುವ ಹಾಗೆ ನೋಡುತ್ತಿದ್ದಳು. ಕೊನೆಗೆ ಹುಡುಗಿ ಬಾಗಿಲಲ್ಲಿ ತಿರುಗಿದಳು, ಹಡಗು ಕೂಗಿತು, ಸಭೆ ಕಿರುಚಿತು. ಮಿನೋರಿ ಒಬ್ಬಳೇ ಕಿರುಚಲಿಲ್ಲ.

ಮನೆಗೆ ಬರುವ ದಾರಿಯಲ್ಲಿ, ಸಮುದ್ರದ ತಡೆಗೋಡೆಯ ಪಕ್ಕ, ಅವಳೇ ಮಾತು ತೆಗೆದಳು.

"ಅತ್ತೆ, ನೀವೆಲ್ಲ ತಪ್ಪು."

"ಏನೇ ತಪ್ಪು?"

"ಆ ಹುಡುಗಿ ಏನೂ ಹೇಳಲ್ಲ. ಬರೀ ಬಾಯಿ ತೆರೀತಾಳೆ. ಯಾವ ಮಾತು ಹೇಳ್ಬೇಕು ಅಂತ ಅವಳಿಗೆ ಗೊತ್ತಿಲ್ಲ. ಅಷ್ಟರಲ್ಲಿ ಹಡಗು ಕೂಗುತ್ತೆ." ಗೋಡೆಯ ಮೇಲೆ ಕೈಯಾಡಿಸುತ್ತ ಹೇಳಿದಳು, "ಬಚಾವಾದಳು."

ಕಾಂಜೋ ನನ್ನನ್ನು ನೋಡಿದ. ನಾನು ಸಮುದ್ರ ನೋಡಿದೆ. ಎಷ್ಟು ವರ್ಷದಿಂದ ಆ ಸಿನಿಮಾ ನೋಡುತ್ತಿದ್ದೇನೆ, ಆ ಹುಡುಗಿಯ ಮಾತಿಗಾಗಿ ಎಷ್ಟು ಜಗಳ ಆಡಿದ್ದೇನೆ, ಇದು ಹೊಳೆದಿರಲಿಲ್ಲ. ನನಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಹಾಗಾಗಿ ಬಂದದ್ದನ್ನೇ ಹೇಳಿದೆ.

"ಹಾಗಿದ್ರೆ ನೀನೂ ಬಾಗಿಲಲ್ಲಿ ನಿಂತು ಸುಮ್ಮನೆ ಬಾಯಿ ತೆರಿ. ಏನು ಬೇಕಾದ್ರೂ ಅನ್ಕೋ. ಹಡಗು ನಾನು ಕೂಗ್ತೀನಿ."

"ಏನು?"

"ಭೋಂ ಅಂತ ಕೂಗ್ತೀನಿ ಕಣೇ! ಒಂದು ಅಕ್ಷರ ಯಾರಿಗೂ ಕೇಳಿಸಲ್ಲ."

ತಮಾಷೆಗೆ ಅಂದೆ ಎಂದುಕೊಂಡಳು. ಮಾರನೆಯ ಸಂಜೆ ಈಜುಕೊಳದಿಂದ ಬಂದು ಬಾಗಿಲು ಸರಿಸಿದಾಗ ನಾನು ಒಲೆಯ ಮುಂದೆ ನಿಂತು ಹೊಟ್ಟೆಯಿಂದ ಕೂಗಿದೆ: "ಭೋಂ...!" ಗಾಜಿನ ಕಪಾಟು ನಡುಗಿತು. ಓರೆಗಣ್ಣಲ್ಲಿ ನೋಡಿದೆ. ಅವಳು ಬೆಚ್ಚಿದಳು, ಆಮೇಲೆ ಅವಳ ತುಟಿ ಅಲ್ಲಾಡಿತು. ಏನಂದಳೋ ದೇವರಿಗೇ ಗೊತ್ತು. ಮೇಲೆ ಹೋಗುವಾಗ ಮೆಟ್ಟಿಲಲ್ಲಿ ನಗುವ ಸದ್ದು ಕೇಳಿಸಿತು.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಬಾಗಿಲು ಸರಿದರೆ ನಾನು ಹಡಗು. ಎದುರು ಮನೆಯ ಮುದುಕಿ ನನಗೆ ಹೊಟ್ಟೆನೋವಿನ ಔಷಧಿ ತಂದುಕೊಟ್ಟಳು. ಒಂದು ದಿನ ಹಿದೇಮಾಸ ಕತ್ತರಿ ಹಿಡಿದುಕೊಂಡೇ ಬಂದ.

"ತೋಕಿಯೆ ಅಕ್ಕ, ನಿನ್ನ ಬಾಯಿಗೆ ಬೀಗ ಹಾಕು! ಪರ ಊರಿನ ಗಿರಾಕಿ ಹಡಗು ಹೊರಟೇಬಿಡ್ತು ಅಂತ ಅರ್ಧ ಗಡ್ಡದಲ್ಲಿ ಎದ್ದು ಓಡಿದ!"

"ನೀನು ಬೇಗ ಬೋಳಿಸಬೇಕಿತ್ತು. ನನ್ನ ಮನೆ, ನನ್ನ ಹಡಗು."

"ಹಡಗಲ್ಲ, ಎಮ್ಮೆ!"

ಮಿನೋರಿ ಮಾಳಿಗೆಯ ಕಿಟಕಿಯಿಂದ ಇಣುಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಶಾಲೆ ಮತ್ತೆ ಶುರುವಾದ ಮೇಲಿನ ಮಾತು. ಹೊಸ ಮೀನು ಬಂದಿತ್ತು. ಮೊದಲ ವಡೆ ಎತ್ತಿ, ಉಪ್ಪು ಸರಿಯಿದೆಯೋ ಎಂದು ಬಾಯಿಗೆ ಹಾಕಿಕೊಂಡೆ. ಬೆಂಕಿಯಂತೆ ಸುಡುತ್ತಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅದೇ ಹೊತ್ತಿಗೆ ಬಾಗಿಲು ಸರಿಯಿತು. ಕೂಗಲು ಉಸಿರೆಳೆದೆ; ಗಂಟಲಿಂದ ಬರೀ ಹಬೆ ಬಂತು.

ಆ ಮೌನದಲ್ಲಿ ಅವಳ ಮಾತು, ಶಾಲೆಯ ಗಂಟೆಯಷ್ಟು ಸ್ಪಷ್ಟವಾಗಿ, ಒಳಗೆ ಬಂತು.

"ಬಂದ್ಯಾ!"

ತಿರುವುಮುರುವು! ಒಳಗಿರುವವರು ಹೇಳುವ ಮಾತನ್ನು ಹೊರಗಿನಿಂದ ಬಂದವಳು ಹೇಳಿದಳು. ಮೂರು ವರ್ಷದ ಮಕ್ಕಳು ಹೀಗೆ ತಡವರಿಸುತ್ತವೆ. ಆ ವಯಸ್ಸಿನಲ್ಲಿ ಇವಳಿಗೆ ಅದನ್ನು ಯಾರಾದರೂ ತಿದ್ದಿದ್ದರೋ ಇಲ್ಲವೋ. ನಾನು ಮಾರುಕಟ್ಟೆಯಿಂದ ಬಂದಾಗಲೆಲ್ಲ ಕಾಂಜೋ ನನಗೆ ಹೇಳುವುದನ್ನು ಕೇಳಿಸಿಕೊಂಡಿದ್ದಳು, ಅದೇ ಬಾಯಿಗೆ ಬಂತು.

ವಡೆಯನ್ನು ನುಂಗಿದೆ. ಕಣ್ಣಲ್ಲಿ ನೀರು ಬಂತು, ಸುಟ್ಟದ್ದಕ್ಕೆ. ಯೋಚಿಸದೆ ನನ್ನ ಬಾಯಿಂದಲೂ ಬಿತ್ತು:

"ಹೂಂ, ಬಂದೆ!"

ಒಳಕೋಣೆಯಲ್ಲಿ ಕಾಂಜೋ ಜೋರಾಗಿ ನಕ್ಕ. "ಈ ಮನೇಲಿ ಬಂದವರು ಯಾರು, ಇದ್ದವರು ಯಾರು? ಇಬ್ಬರೂ ಹೊರಗೆ ಹೋಗಿ, ಮೊದಲಿಂದ ಬನ್ನಿ!"

ಮಿನೋರಿಯ ಮುಖ ಬೇಯಿಸಿದ ಸಿಗಡಿಯ ಹಾಗೆ ಕೆಂಪಾಯಿತು. "ಅಯ್ಯೋ, ತಪ್ಪಾಯ್ತು ಅತ್ತೆ. ನಾನು... ಬಂದೆ. ಬಂದೆ ಅನ್ನೋಕೆ ಹೋಗಿ..."

"ಗೊತ್ತಾಯ್ತು ಬಿಡೇ. ಬಂದ್ಯಾ? ಬಾ, ಬಿಸಿ ಇದೆ, ತಿನ್ನು."

ಚೀಲ ಎಸೆದು ಒಲೆಯ ಹತ್ತಿರ ಓಡಿ ಬಂದಳು. ಬಾಗಿಲ ಕಡೆ ನೋಡಿದೆ. ಒಂದು ಶೂ ಒಳಮುಖವಾಗಿ ಬಿದ್ದಿತ್ತು. ಇನ್ನೊಂದು ಅಂಗಾತ ಮಗುಚಿ, ಮೀನಿನ ಬುಟ್ಟಿಯ ಕೆಳಗೆ ಅರ್ಧ ಸೇರಿಕೊಂಡಿತ್ತು.

ನನಗೆ ರೇಗಿತು. ಶೂ ಇಡುವ ರೀತಿಯಾ ಇದು, ಮಗುಚಿ ಬೀಳಲು ಇದೇನು ದೋಣಿಯಾ, ಬುಟ್ಟಿಗೆ ಮಣ್ಣು ಬಿದ್ದರೆ ತೊಳೆಯುವವರು ಯಾರು ಎಂದು ಬಾಯ್ತುಂಬ ಬೈದೆ. ಇಷ್ಟು ದಿನ ಅವಳನ್ನು ಹಾಗೆ ಬೈಯಲು ಒಂದು ಕಾರಣವೂ ಸಿಕ್ಕಿರಲಿಲ್ಲ.

"ಇಡ್ತೀನಿ ಅತ್ತೆ, ತಿಂದು ಇಡ್ತೀನಿ," ಎಂದಳು ಮಿನೋರಿ. ಎದ್ದೇಳಲಿಲ್ಲ. ಬಾಯಿ ಸುಟ್ಟುಕೊಂಡು ಉಫ್ ಉಫ್ ಎನ್ನುತ್ತ ಎರಡನೆಯ ವಡೆಗೆ ಕೈ ಹಾಕಿದಳು.