ಕಿಟಕಿ ಮುಚ್ಚಿದ ಕೋಣೆ

ಅಳತೆಪಟ್ಟಿ ಹಿಡಿದು ಮನೆಮನೆ ಸುತ್ತುವ ಆ ಸರ್ಕಾರಿ ನೌಕರನನ್ನು ಬೀದಿಯವರು ಅಂಗುಲಪ್ಪ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವನ ಪುಸ್ತಕದಲ್ಲಿ ಒಂದಂಗುಲ ಹೆಚ್ಚಿಲ್ಲ, ಒಂದಂಗುಲ ಕಮ್ಮಿಯಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈ ಬಿಸಿ ಮಾಡಲು ಹೋದವರೆಲ್ಲ ತಮ್ಮ ಕೈಯನ್ನೇ ಸುಟ್ಟುಕೊಂಡಿದ್ದರು.

ಹೊಸ ಕಾನೂನು ಬಂದ ಮೇಲಂತೂ ಅವನಿಗೆ ಪುರುಸೊತ್ತೇ ಇರಲಿಲ್ಲ. ಮನೆಯಲ್ಲಿ ತಲೆಗೊಂದು ಕೋಣೆ, ಮಿಕ್ಕದ್ದು ಹಳೇ ಗೋದಾಮಿನಲ್ಲಿ ಗೋಣಿಪರದೆ ಕಟ್ಟಿಕೊಂಡಿರುವ ಕುಟುಂಬಗಳಿಗೆ. ಇದು ನ್ಯಾಯ ಎಂದು ಅವನು ಮನಸಾರೆ ನಂಬಿದ್ದ. ಗೋದಾಮನ್ನು ಅಳೆದವನೂ ಅವನೇ ಅಲ್ಲವೇ? ಒಂದು ಸಂಸಾರಕ್ಕೆ ಎರಡು ಮಂಚದಷ್ಟು ಜಾಗ. ಹೋದ ತಿಂಗಳು ಇದೇ ಬೀದಿಯ ದರ್ಜಿ ಕಾಲಿಗೆ ಬಿದ್ದರೂ ಇವನು ಅವನ ಹೆಚ್ಚಿನ ಕೋಣೆಯನ್ನು ಬರೆದುಕೊಂಡೇ ಹೊರಟಿದ್ದ.

ಇವತ್ತಿನ ಸರದಿ ಒಡಹುಟ್ಟಿದ ಅಕ್ಕನ ಮನೆಯದು. ಭಾವ ಹೋಗಿ ಎಂಟು ವರ್ಷ, ಅವರ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡು ಮೂರು. ಈಗ ತಲೆ ಒಂದು, ಕೋಣೆ ಎರಡು. ಎರಡನೆಯದರಲ್ಲಿ ಹುಡುಗಿಯ ಮಂಚ, ಪುಸ್ತಕ, ಚಪ್ಪಲಿ ಎಲ್ಲವೂ ಇಟ್ಟಲ್ಲೇ ಇದ್ದವು.

"ಕೂತ್ಕೊಳ್ಳೋ, ನೀರು ತರ್ತೀನಿ" ಎಂದಳು ಅಕ್ಕ.

"ಮೊದಲು ಕೆಲಸ ಮುಗಿಸ್ತೀನಿ ಕಣಕ್ಕ."

ಹುಡುಗಿಯ ಕೋಣೆಯ ಬಾಗಿಲು ತಳ್ಳಿದ. ಒಳಗೆ ಗವ್ವೆನ್ನುವ ಕತ್ತಲೆ, ಹಸಿ ಸಿಮೆಂಟಿನ ವಾಸನೆ. ಕಿಟಕಿಯಿದ್ದ ಕಡೆ ಬೋಳು ಗೋಡೆ.

"ಕಿಟಕಿ ಏನಾಯ್ತು?"

"ಮುಚ್ಚಿಸ್ದೆ. ನೀನೇ ತಾನೆ ಹೇಳಿದ್ದು, ಕಿಟಕಿ ಇಲ್ದಿದ್ರೆ ಅದು ಉಗ್ರಾಣ, ಲೆಕ್ಕಕ್ಕೆ ಬರಲ್ಲ ಅಂತ? ಉಗ್ರಾಣ ಅಂತ ಬರ್ಕೋ."

ಹೌದು, ಅವನೇ ಹೇಳಿದ್ದ. ಇಲ್ಲೇ ಊಟಕ್ಕೆ ಕೂತು, ನಿಯಮವೆಲ್ಲ ತನಗೆ ಬಾಯಿಪಾಠ ಎಂದು ಜಂಬ ಕೊಚ್ಚಿಕೊಳ್ಳುವಾಗ. ಹಾಳು ನಾಲಿಗೆ! ಈಗ ಉಗ್ರಾಣ ಎಂದು ಬರೆದರೂ ಅದು ಸುಳ್ಳಲ್ಲ, ಯಾರೂ ಬೆರಳು ತೋರಿಸುವಂತಿಲ್ಲ. ಅಕ್ಕನ ಕೋಣೆ ಉಳಿಯುತ್ತದೆ. ಗೋಡೆ ಸವರುತ್ತಾ ಕಿಟಕಿಯ ಮರದ ಅಂಚಿಗಾಗಿ ತಡಕಿದ.

"ಅಕ್ಕ, ಚೌಕಟ್ಟು?"

ವರ್ಷಕ್ಕೊಮ್ಮೆ ಅಕ್ಕನ ಮಗಳನ್ನು ಆ ಮರದ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಇದೇ ಪಟ್ಟಿಯಿಂದ ಅಳೆದು, ಪೆನ್ಸಿಲ್ಲಿನಿಂದ ಗೀಟು ಹಾಕುತ್ತಿದ್ದವನು ಅವನೇ. ಒಟ್ಟು ಹನ್ನೊಂದು ಗೀಟು.

ಅಕ್ಕ ಮಂಚದ ಮೇಲೆ ಕುಸಿದು ಕೂತಳು. "ಗಾರೆಯವನು ಕಿತ್ಕೊಂಡು ಹೋದ. ಕೋಣೆ ಉಳಿಸ್ಬೇಕು ಅನ್ನೋದೊಂದೇ ನನ್ನ ತಲೇಲಿ. ಮಾರನೇ ದಿನ ನೆನಪಾಗಿ ಓಡಿದೆ ಕಣೋ. ಅಷ್ಟರಲ್ಲಿ ಒಲೆಗೆ ಹಾಕ್ಬಿಟ್ಟಿದ್ದ."

ಅವನು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕ ಕೂತು ನಾಚಿಕೆ ಬಿಟ್ಟು ಅತ್ತ. ಅಕ್ಕ ಅಳಲಿಲ್ಲ. ಅವಳದು ಆಗಲೇ ಮುಗಿದಿತ್ತು.

ಅವನು ಕಣ್ಣೊರೆಸಿಕೊಂಡ ಮೇಲೆ ಕೇಳಿದಳು: "ಈ ಕೋಣೆಗೆ ಬರೋರಿಗೆ ಮಕ್ಕಳಿದಾವಾ?"

"ಪಟ್ಟೀಲಿ ಮುಂದಿರೋದು ಗಂಡ, ಹೆಂಡ್ತಿ, ಆರು ವರ್ಷದ ಹುಡುಗಿ. ಆದ್ರೆ ಉಗ್ರಾಣ ಅಂತ ಬರೆದ್ರೂ ತಪ್ಪೇನಿಲ್ಲ ಅಕ್ಕ. ನಿನ್ನಿಷ್ಟ."

ಅಕ್ಕ ಸುತ್ತಲೂ ನೋಡಿದಳು. ಬಾಗಿಲ ಬೆಳಕು ಮಂಚದ ಕಾಲಿನವರೆಗೆ ಬಂದು ನಿಂತಿತ್ತು. "ಈ ಕತ್ತಲೇಲಿ ನನಗೇ ಅವಳು ಕಾಣಿಸ್ತಿಲ್ಲ" ಎಂದಳು. "ಕೋಣೆ ಅಂತಾನೇ ಬರಿ."

ಅವನು ಕೋಣೆ ಎಂದು ಬರೆದ. ಪಕ್ಕದಲ್ಲಿ 'ಕಿಟಕಿ ಎಷ್ಟು' ಎಂದಿದ್ದ ಕಡೆ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಒಂದು ಎಂದು ಬರೆದ. ಇಪ್ಪತ್ತೆರಡು ವರ್ಷದಲ್ಲಿ ಅವನು ಬರೆದ ಮೊದಲ ಸುಳ್ಳು ಅದು. ಸಂಜೆಯೊಳಗೆ ಅದನ್ನು ನಿಜ ಮಾಡಬೇಕೆಂದು ಗಾರೆಯವನನ್ನು ಹುಡುಕಲು ಎದ್ದ.

ಹೊಸ್ತಿಲು ದಾಟುವಾಗ ಅಕ್ಕ ಹಿಂದಿನಿಂದ ಕರೆದಳು.

"ಚೌಕಟ್ಟು ಮರದ್ದೇ ಹಾಕ್ಸೋ. ಕಬ್ಬಿಣದ ಮೇಲೆ ಪೆನ್ಸಿಲ್ ಗೀಟು ನಿಲ್ಲಲ್ಲ."